ಗಾಲ್ಫ್ ಆಟವೂ ಲೆಕ್ಕದ ಪುಸ್ತಕವೂ

ಶಿರಾದಲ್ಲಿ ಗಾಲ್ಫ್ ಮೈದಾನವಿಲ್ಲ. ಹಾಗಿರುವಾಗ ಇಲ್ಲಿನ ಕಡಲೆಕಾಯಿ ವ್ಯಾಪಾರಿಯೊಬ್ಬ ಆ ಆಟದ ವಿಷಯವಾಗಿ ಬರೆಯಹೊರಟರೆ ಬಂಧುಗಳಲ್ಲಿ ಕೆಲವರಿಗೆ ನಗು ಬರುವುದು ಸಹಜ. ಅದು ಸಿರಿವಂತರ ಕಾಲಹರಣವೆಂಬ ಮಾತನ್ನು ನಾನೂ ಬಹಳ ಸಲ ಕೇಳಿದ್ದೇನೆ. ಅದರಲ್ಲಿ ಅರ್ಧದಷ್ಟಾದರೂ ನಿಜವಿದೆ. ಉಳಿದರ್ಧದ ಬಗ್ಗೆ ಎರಡು ಮಾತು ಹೇಳಬೇಕೆಂದು ಈ ಲೇಖನ.

ನನಗೆ 52 ವರ್ಷವಾದಾಗ ವೈದ್ಯರು ದಿನವೂ ನಡೆಯಬೇಕೆಂದು ವಿಧಿಸಿದರು. ಬೆಂಗಳೂರಿನಲ್ಲಿರುವ ನಮ್ಮ ಬೀಗರು, "ನಡೆಯುವುದೇ ಆದರೆ ನಮ್ಮ ಜೊತೆ ನಡೆಯಿರಿ, ಕೈಗೂ ಒಂದು ಕೆಲಸವಿರುತ್ತದೆ" ಎಂದು ಮೈದಾನಕ್ಕೆ ಕರೆದೊಯ್ದರು. ಅಂದಿನಿಂದ 13 ವರ್ಷಗಳಾದವು. ತಿಂಗಳಿಗೆರಡು ಬಾರಿ ಸುಮಾರು 120 ಕಿಲೋಮೀಟರ್ ಹೆದ್ದಾರಿಯನ್ನು ಸವೆಸಿ ಹೋಗಿ ಆಡಿ ಬರುತ್ತೇನೆ. ಈ ಅವಧಿಯಲ್ಲಿ ಜೊತೆಯಾಟಗಾರರ ಬಾಯಲ್ಲಿ ಅತಿ ಹೆಚ್ಚಾಗಿ ಕೇಳಿದ ಪ್ರಶ್ನೆ ಒಂದೇ: "ಹೋದ ವಾರ ಅಷ್ಟು ಚೆನ್ನಾಗಿ ಆಡಿದವನು ಈ ವಾರ ಹೀಗೇಕೆ ಆಡಿದೆ?" ಅಂಗಡಿಯವರು, ಇಂಜಿನಿಯರುಗಳು, ನಿವೃತ್ತ ಸೇನಾಧಿಕಾರಿಗಳು, ಎಲ್ಲರೂ ಇದನ್ನೇ ಕೇಳುತ್ತಾರೆ. ಹವ್ಯಾಸಿ ಆಟಗಾರನಿಗೆ ಬೇಕಾದದ್ದು ದೂರದ ಹೊಡೆತವಲ್ಲ, ಬಹುಮಾನವೂ ಅಲ್ಲ. ಅವನಿಗೆ ಬೇಕಾದದ್ದು ಸ್ಥಿರತೆ.

ಆಟವನ್ನು ಕಾಣದವರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಚೆಂಡಿನ ತೂಕ 45.93 ಗ್ರಾಮನ್ನು ಮೀರುವಂತಿಲ್ಲ, ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ ನಾಲ್ಕು ತೊಲಕ್ಕೆ ತುಸು ಕಡಮೆ. ಅದನ್ನು ಸೇರಿಸಬೇಕಾದ ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಅಂತಹ 18 ಕುಳಿಗಳು. ಒಂದೊಂದಕ್ಕೂ ನೂರೈವತ್ತು ಗಜದಿಂದ ಐನೂರು ಗಜಕ್ಕೂ ಮಿಕ್ಕಿದ ದೂರ. ಒಟ್ಟು ಎಷ್ಟು ಹೊಡೆತಗಳಲ್ಲಿ ಮುಗಿಸಿದಿರಿ ಎಂಬುದೇ ಫಲಿತಾಂಶ. ಕಡಮೆಯಾದಷ್ಟೂ ಉತ್ತಮ. ಇನ್ನೂರೈವತ್ತು ಗಜ ಹಾರಿದ ಹೊಡೆತವೂ ಒಂದೇ, ಗೇಣುದ್ದ ಉರುಳಿದ ಹೊಡೆತವೂ ಒಂದೇ. ರೂಪಾಯಿ ಯಾವ ಕಿಸೆಯಿಂದ ಹೋದರೂ ರೂಪಾಯಿಯೇ ಅಲ್ಲವೇ? ನಮ್ಮ ದೇಶಕ್ಕೆ ಈ ಆಟ ಹೊಸದೇನೂ ಅಲ್ಲ. ಕಲ್ಕತ್ತೆಯ ಸಂಘ ಹುಟ್ಟಿದ್ದು 1829ರಲ್ಲಿ, ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲೊಂದು ಮೈದಾನವಿದೆ. ಮಡಿಕೇರಿ, ಚಿಕ್ಕಮಗಳೂರುಗಳಲ್ಲೂ ಇವೆ. ದೊರೆಗಳ ಆಟವಾಗಿ ಬಂದದ್ದು ಪ್ಲಾಂಟರುಗಳ, ಅಧಿಕಾರಿಗಳ ಆಟವಾಗಿ ಉಳಿಯಿತು. ಈಗ ನನ್ನಂಥವರ ಕೈಗೂ ಸಿಕ್ಕಿದೆ.

ಆಟ ಏಕೆ ಸ್ಥಿರವಾಗಿ ನಿಲ್ಲುವುದಿಲ್ಲ? ಕಾರಣ ಬಹುಮಟ್ಟಿಗೆ ರೇಖಾಗಣಿತದ್ದು. ಕೋಲಿನ ಮುಖ ಎತ್ತ ತಿರುಗಿದೆಯೋ ಚೆಂಡು ಬಹುತೇಕ ಅತ್ತಲೇ ಹೊರಡುತ್ತದೆ. 150 ಗಜದ ಹೊಡೆತದಲ್ಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಚೆಂಡು ಗುರಿಯಿಂದ ಸುಮಾರು 8 ಅಡಿ ಪಕ್ಕಕ್ಕೆ ಬೀಳುತ್ತದೆ. ಐದು ಡಿಗ್ರಿ ತಪ್ಪಿದರೆ ಹೆಚ್ಚುಕಡಮೆ 40 ಅಡಿ, ಅಂದರೆ ಹುಲ್ಲುಹಾಸಿನ ಬದಲು ಮರಗಳ ನಡುವೆ. ಐದು ಡಿಗ್ರಿಯೆಂದರೆ ಗಡಿಯಾರದ ಮುಖದಲ್ಲಿ ಒಂದು ನಿಮಿಷದಷ್ಟೂ ಅಗಲವಿಲ್ಲ. ಅರುವತ್ತು ದಾಟಿದ ಭುಜಗಳು, ಹಿಂದಿನ ರಾತ್ರಿ ಸಾಲದಾದ ನಿದ್ರೆ, ಮನಸ್ಸಿನ ಮೂಲೆಯಲ್ಲಿ ಬಾರದ ಬಾಕಿಯ ಯೋಚನೆ, ಇವೆಲ್ಲ ಕೂಡಿ ಐದು ಡಿಗ್ರಿ ತಪ್ಪಿಸಲಾರವೇ? ತಪ್ಪದೆ ಹೋದದ್ದೇ ಆಶ್ಚರ್ಯ. ವರ್ಷವಿಡೀ ಇದೇ ಕಸುಬಾಗಿರುವ ವೃತ್ತಿಪರರು ಕೂಡ 8 ಅಡಿ ದೂರದಿಂದ ಕುಳಿಗೆ ಉರುಳಿಸುವ ಚೆಂಡುಗಳಲ್ಲಿ ಅರ್ಧದಷ್ಟನ್ನು ಮಾತ್ರ ಒಳಸೇರಿಸುತ್ತಾರೆ. ದೂರದರ್ಶನದ ಮುಂದೆ ಕುಳಿತವನಿಗೆ ಇದು ತಿಳಿಯುವುದಿಲ್ಲ. ಅಲ್ಲಿ ತೋರಿಸುವುದು ಗೆಲ್ಲುತ್ತಿರುವವನ ಆಟವನ್ನು.

ಅದಕ್ಕಿಂತ ದೊಡ್ಡದು ಎಣಿಕೆಯ ಕ್ರಮಕ್ಕೆ ಸಂಬಂಧಿಸಿದ ಕಾರಣ. ಮಂಡಿಗೆ ಬಂದ ಕಡಲೆಕಾಯಿ ಚೀಲದ ಬಾಯಿ ಬಿಚ್ಚಿ, ಮೇಲಿನ ಹಿಡಿಯೊಂದನ್ನೇ ನೋಡಿ ಬೆಲೆ ಕಟ್ಟುವ ವ್ಯಾಪಾರಿ ಬಹುಕಾಲ ಬಾಳುವುದಿಲ್ಲ. ನಡುವಿನಿಂದಲೂ ಬುಡದಿಂದಲೂ ಹಿಡಿ ತೆಗೆದು, ಸುಲಿಸಿ, ಬೀಜವನ್ನು ತೂಗಿದ ಮೇಲಷ್ಟೇ ಬೆಲೆ. ಆದರೆ ಆ ವ್ಯಾಪಾರಿಯೇ ಮೈದಾನಕ್ಕೆ ಬಂದಾಗ ತನ್ನ ಆಟದ ಚೀಲದಿಂದ ಮೇಲಿನ ಹಿಡಿಯನ್ನು ಮಾತ್ರ ತೆಗೆಯುತ್ತಾನೆ. ಎಂದೋ ಒಮ್ಮೆ ನೆಟ್ಟಗೆ ಹಾರಿದ ಹೊಡೆತವೇ "ನನ್ನ ಆಟ", ಮಿಕ್ಕ ತೊಂಬತ್ತೂ ಆಕಸ್ಮಿಕ! ಹೀಗೆ ನಂಬಿದವನಿಗೆ ಪ್ರತಿ ವಾರವೂ ಅನ್ಯಾಯವಾದಂತೆ ತೋರುವುದು ಅನಿವಾರ್ಯ.

ಈ ಭ್ರಮೆಗೆ ಆಟದ ನಿಯಮದಲ್ಲಿಯೇ ಒಂದು ಆಸರೆಯೂ ಇದೆ. ಹ್ಯಾಂಡಿಕ್ಯಾಪ್ ಎಂಬ ವ್ಯವಸ್ಥೆಯನ್ನು ಕೆಲವರು ಕೇಳಿರಬಹುದು. ಬಲಾಬಲ ಬೇರೆಯಾದ ಇಬ್ಬರು ಸಮನಾಗಿ ಸ್ಪರ್ಧಿಸಲು ದುರ್ಬಲನಿಗೆ ಕೊಡುವ ಹೊಡೆತಗಳ ರಿಯಾಯಿತಿ ಅದು. ಬಹಳ ಉದಾರವಾದ, ನ್ಯಾಯವಾದ ಕಲ್ಪನೆ. ತಂದೆ ಮಗನೊಂದಿಗೆ, ಹೊಸಬ ಹಳಬನೊಂದಿಗೆ ಸಮನಾಗಿ ಆಡಬಹುದಾದ ಆಟಗಳು ಎಷ್ಟಿವೆ? 2020ರಿಂದ ಜಾರಿಗೆ ಬಂದ ವಿಶ್ವ ಪದ್ಧತಿಯಂತೆ, ಕಳೆದ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯಿಂದ ಈ ಅಂಕಿಯನ್ನು ಕಟ್ಟುತ್ತಾರೆ. ಉಳಿದ 12 ಸುತ್ತುಗಳು ಅದರೊಳಗೆ ಬರುವುದೇ ಇಲ್ಲ. ಆದ್ದರಿಂದ ಈ ಅಂಕಿ ಮನುಷ್ಯನ ಶಕ್ಯತೆಯನ್ನು ಹೇಳುತ್ತದೆಯೇ ಹೊರತು ಅವನ ದೈನಂದಿನ ಆಟವನ್ನಲ್ಲ. ಪ್ರಾಮಾಣಿಕವಾಗಿ ಲೆಕ್ಕವಿಟ್ಟವನು ನಾಲ್ಕೈದು ಸುತ್ತಿಗೊಮ್ಮೆ ಮಾತ್ರ ತನ್ನ ಹ್ಯಾಂಡಿಕ್ಯಾಪಿನ ಮಟ್ಟವನ್ನು ಮುಟ್ಟುತ್ತಾನೆ. ಮಿಕ್ಕ ದಿನಗಳಲ್ಲಿ ಅದರ ಮೇಲೆ ಎರಡು, ನಾಲ್ಕು, ಕೆಲವೊಮ್ಮೆ ಹತ್ತು ಹೊಡೆತ. ಇದನ್ನು ತಿಳಿದವನಿಗೆ ಅರ್ಧ ನೋವು ಅಲ್ಲಿಗೇ ಕಳೆಯುತ್ತದೆ.

ತುಮಕೂರಿನಲ್ಲಿ ಬಿ.ಕಾಂ. ಓದುವಾಗ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಮಾನಕ ವಿಚಲನೆಯೆಂಬ ಒಂದು ಅಧ್ಯಾಯವಿತ್ತು. ಸರಾಸರಿ ಒಂದೇ ಆಗಿದ್ದರೂ ಎರಡು ಅಂಗಡಿಗಳ ಸ್ಥಿತಿ ಒಂದೇ ಆಗಿರಬೇಕಿಲ್ಲ. ಒಂದರ ಏರಿಳಿತ ಸಣ್ಣದು, ಇನ್ನೊಂದರದು ದೊಡ್ಡದು, ಸಾಲ ಕೊಡುವವನು ಎರಡನೆಯದಕ್ಕೆ ಹೆದರಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಸೂತ್ರ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬಂದೀತೆಂದು ಆಗ ಯಾರು ಬಲ್ಲರು! ಆರು ವರ್ಷಗಳ ಹಿಂದೆ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ಕೊಂಡು, ಪ್ರತಿ ಸುತ್ತಿನ ಸಂಜೆ ಅದರಲ್ಲಿ ನಾಲ್ಕು ಕಲಮುಗಳನ್ನು ತುಂಬತೊಡಗಿದೆ. ದಂಡವಾಗಿ ತೆತ್ತ ಹೊಡೆತಗಳು. ಮರ-ಪೊದೆಗಳಿಂದ ಹೊರಬರಲು ವ್ಯಯವಾದವು. ಗ್ರೀನಿನ ಹತ್ತಿರ ಬಂದೂ ಅದನ್ನು ಮುಟ್ಟಲು ಎರಡು ಸಲ ಹೊಡೆದವು. ಗ್ರೀನಿನ ಮೇಲೆ ಎರಡರ ಬದಲು ಮೂರು ಸಲ ಉರುಳಿಸಿದವು. ಮೊದಲ ವರ್ಷದ 24 ಸುತ್ತುಗಳಲ್ಲಿ ಉತ್ತಮ ಸಂಖ್ಯೆ 89, ಕನಿಷ್ಠದ್ದು 107. ನಡುವಣ ಅಂತರ 18, ಕುಳಿಗೊಂದರಂತೆ!

ಆ ಪುಸ್ತಕ ಹೇಳಿದ್ದಿಷ್ಟು. ಒಳ್ಳೆಯ ದಿನದ ಒಳ್ಳೆಯ ಹೊಡೆತಗಳಿಗೂ ಕೆಟ್ಟ ದಿನದ ಒಳ್ಳೆಯ ಹೊಡೆತಗಳಿಗೂ ಸಂಖ್ಯೆಯಲ್ಲಿ ದೊಡ್ಡ ಭೇದವಿಲ್ಲ. ಭೇದವಿರುವುದು ಮೂರು ನಾಲ್ಕು ಕುಳಿಗಳಲ್ಲಿ ಮಾತ್ರ, ಅಲ್ಲಿ ಐದಾಗಬೇಕಾದದ್ದು ಒಂಬತ್ತಾಗಿದೆ. ಮೈದಾನದ ಗಡಿಯಾಚೆ ಚೆಂಡು ಬಿದ್ದರೆ ಆ ಹೊಡೆತವೂ ಲೆಕ್ಕಕ್ಕೆ, ಮೇಲೊಂದು ದಂಡವೂ ಲೆಕ್ಕಕ್ಕೆ, ಮತ್ತೆ ಹೊರಟಲ್ಲಿಂದಲೇ ಹೊಡೆಯಬೇಕು. ಅಸಲು ಮುಳುಗಿ, ಬಡ್ಡಿಯನ್ನೂ ತೆತ್ತು, ಮೊದಲಿನಿಂದ ವ್ಯಾಪಾರ ಆರಂಭಿಸಿದ ಹಾಗೆ. ಆಟದ ಗೆಲುವೆಲ್ಲ ಗ್ರೀನಿನ ಮೇಲಿನ ನಯದಲ್ಲಿದೆ ಎಂಬುದು ಗಾಲ್ಫಿಗರ ಹಳೆಯ ನಂಬಿಕೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಲಕ್ಷಾಂತರ ಹೊಡೆತಗಳ ದಾಖಲೆಯನ್ನು ಜಾಲಿಸಿ 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆ ಮಾತನ್ನು ಹೇಳಿದ್ದಾರೆ: ಆಟಗಾರರ ನಡುವಣ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತಗಳಿಂದ ಬರುವುದು. ನಮ್ಮ ಪುಸ್ತಕದ ಸಾಕ್ಷ್ಯವೂ ಅದೇ. ವಾಣಿಜ್ಯದವರಿಬ್ಬರ ಲೆಕ್ಕ ತಾಳೆಯಾದದ್ದು ನನಗೆ ಸಂತೋಷ ಕೊಟ್ಟ ಸಂಗತಿ.

ಹೀಗಾಗಿ ನಾನು ಮಾಡಿಕೊಂಡ ಬದಲಾವಣೆಗಳೆಲ್ಲ ಸಂಕೋಚದವು. ಚೀಲದಲ್ಲಿ 14 ಕೋಲುಗಳನ್ನು ಒಯ್ಯಲು ಅನುಮತಿಯಿದೆ, ನಾನು ಒಯ್ಯುವುದು ಒಂಬತ್ತು. ಅತ್ಯಂತ ಉದ್ದನೆಯ ಡ್ರೈವರ್ ಮನೆಯಲ್ಲೇ ಉಳಿಯುತ್ತದೆ. ಮೊದಲ ಹೊಡೆತಕ್ಕೆ ಫೈವ್ ವುಡ್. ಇಪ್ಪತ್ತು ಮೂವತ್ತು ಗಜ ನಷ್ಟವಾದರೂ ಚೆಂಡು ಹುಲ್ಲಿನ ಮೇಲಿರುತ್ತದೆ. ಬಾವುಟ ಎಲ್ಲಿಯೇ ಇರಲಿ, ಗ್ರೀನಿನ ನಟ್ಟನಡುವಿಗೆ ಗುರಿ. ಮರಗಳ ಮಧ್ಯೆ ಸಿಕ್ಕಿಕೊಂಡರೆ ಎಲೆಗಳ ಸಂದಿನಲ್ಲಿ ಕಾಣುವ ಆಸೆಯ ಕಿಂಡಿಯನ್ನು ನೋಡದೆ, ಪಕ್ಕಕ್ಕೆ, ಬೇಕಾದರೆ ಹಿಂದಕ್ಕೆ ಹೊಡೆದು ಹೊರಬರುವುದು. ಪ್ರತಿ ಹೊಡೆತಕ್ಕೆ ಮೊದಲು ಒಂದೇ ಕ್ರಮ: ಚೆಂಡಿನ ಹಿಂದೆ ನಿಂತು ಗೆರೆಯನ್ನು ನೋಡುವುದು, ಒಮ್ಮೆ ಗಾಳಿಯಲ್ಲಿ ಬೀಸುವುದು, ಉಸಿರು ಬಿಟ್ಟು ಹೊಡೆಯುವುದು. ಒಳ್ಳೆಯ ಹೊಡೆತದ ಅನಂತರವೂ ಕೆಟ್ಟದರ ಅನಂತರವೂ ಕ್ರಮ ಒಂದೇ, ಅದಕ್ಕೆ ಹಿಡಿಯುವ ಕಾಲವೂ ಒಂದೇ. ನೋಡುವವರಿಗೆ ಇದು ಬೇಸರದ ಆಟ. ಬೀಗರು "ನಿಮ್ಮದು ಬ್ಯಾಂಕಿನ ಠೇವಣಿಯ ಆಟ" ಎಂದು ಹಾಸ್ಯಮಾಡುತ್ತಾರೆ. ಠೇವಣಿಯನ್ನು ನಿಂದಿಸುವವರು ಅದು ಕೈಗೆ ಬರುವ ದಿನ ಸುಮ್ಮನಿರುತ್ತಾರೆ.

ಅಭ್ಯಾಸಕ್ಕೆ ಶಿರಾವೇ ಸಾಕು. ಕಾರ್ತಿಕದ ಹೊತ್ತಿಗೆ ಕಡಲೆಕಾಯಿ ಕಿತ್ತ ಮೇಲೆ ನಮ್ಮ ಕೆಂಪು ಹೊಲ ಮುಂದಿನ ಮಳೆಯವರೆಗೆ ಬಯಲಾಗಿಯೇ ಇರುತ್ತದೆ. ಒಣಗಿ ಗಟ್ಟಿಯಾದ ಆ ನೆಲ ಯಾವ ತರಬೇತುಗಾರನಿಗಿಂತಲೂ ನಿಷ್ಠುರ. ಚೆಂಡಿಗಿಂತ ಮೊದಲು ಕೋಲು ಮಣ್ಣನ್ನು ಮುಟ್ಟಿದರೆ ಮೊಳಕೈವರೆಗೆ ಸುದ್ದಿ ಬರುತ್ತದೆ. ಮೆತ್ತನೆಯ ಹುಲ್ಲು ಮುಚ್ಚಿಡುವುದನ್ನು ಬರಡು ನೆಲ ಮುಚ್ಚಿಡುವುದಿಲ್ಲ. ಗ್ರೀನಿನ ಹತ್ತಿರ ಚೆಂಡನ್ನು ಎತ್ತಿ ಹಾರಿಸದೆ ನೆಲಕ್ಕೆ ತಾಗಿ ಉರುಳಿಸುವ ಪದ್ಧತಿಯನ್ನು ಕಲಿಸಿದ್ದೂ ಅದೇ ನೆಲ. ನೀರು ವಿರಳವಾದ ಕಡೆಗಳಲ್ಲಿ ಹುಲ್ಲಿನ ಗ್ರೀನಿಗೆ ಬದಲು ಎಣ್ಣೆ ಬೆರೆಸಿದ ಮರಳನ್ನು ಹಾಸಿ, ಅದನ್ನು 'ಬ್ರೌನ್' ಎಂದು ಕರೆದು ಆಡುವ ರೂಢಿ ನಮ್ಮ ದೇಶದಲ್ಲಿ ಬಹಳ ಕಾಲದಿಂದ ಇದೆ. ಕೊಳವೆಬಾವಿ ಬತ್ತುವ ಸೀಮೆಯವನಾದ ನನಗೆ ನಗರದ ಮೈದಾನಗಳ ಹಸುರು ಕಂಡಾಗಲೆಲ್ಲ ನೀರಿನ ಯೋಚನೆ ಬರುತ್ತದೆ. ಬೆಂಗಳೂರಿನಲ್ಲಿ ಕೆಲವೆಡೆ ಶುದ್ಧೀಕರಿಸಿದ ಕೊಳಚೆ ನೀರನ್ನೇ ಹುಲ್ಲಿಗೆ ಉಣಿಸುತ್ತಾರೆಂಬುದು ಸಮಾಧಾನದ ಸಂಗತಿ, ಎಲ್ಲೆಡೆಯೂ ಹಾಗೇ ಆಗಬೇಕು. ಇನ್ನು ಮೂರು ಅಡಿಯ ಪಟ್‌ಗಳ ಅಭ್ಯಾಸ ಮನೆಯ ಪಡಸಾಲೆಯಲ್ಲಿ. ಜಮಖಾನದ ಮೇಲೆ ಸ್ಟೀಲಿನ ಲೋಟವನ್ನು ಅಡ್ಡ ಮಲಗಿಸಿ ದಿನಕ್ಕೆ ಐವತ್ತು ಚೆಂಡು. ಹೆಕ್ಕಿಕೊಡುವ ಕೆಲಸ ಮೊಮ್ಮಗನದು.

ದೂರ ಹೊಡೆಯದೆಯೂ ನಿಲ್ಲಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಬೆಂಗಳೂರಿನ ಅದಿತಿ ಅಶೋಕ್ ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದವರು. ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರ ಆಗಸ್ಟಿನಲ್ಲಿ, ತಮ್ಮ ತಾಯಿಯವರೇ ಚೀಲ ಹೊತ್ತು ಜೊತೆಗೆ ನಡೆಯುತ್ತಿರಲು, ನಾಲ್ಕು ದಿನ 72 ಕುಳಿಗಳನ್ನು 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಡುವೆ ಇದ್ದದ್ದು ಒಂದೇ ಹೊಡೆತ. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರ ಸಂಖ್ಯೆ 267. ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ಅದಿತಿಯವರು ತಮ್ಮ ಅಳತೆಯನ್ನು ಮೀರಲು ಹೋಗದೆ, ಗ್ರೀನಿನ ಮೇಲಿನ ನಿಖರತೆಯಿಂದಲೇ ನಾಲ್ಕು ದಿನ ಮುಂಚೂಣಿಯಲ್ಲಿ ನಿಂತರು. ಆ ಶನಿವಾರ ಬೆಳಗ್ಗೆ ಗಾಲ್ಫಿನ ಗಂಧವಿಲ್ಲದ ಎಷ್ಟೋ ಮನೆಗಳವರು ಅವರ ಆಟವನ್ನು ನೋಡುತ್ತ ಕುಳಿತಿದ್ದರು. ನಮ್ಮ ಅಂಗಡಿಯಲ್ಲೂ ತೂಕದ ಕೆಲಸ ಅರ್ಧ ಗಂಟೆ ನಿಂತಿತ್ತು.

ಈಗ ಈ ಲೇಖನಕ್ಕೆ ಮುಖ್ಯ ಕಾರಣವಾದ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಲೆಕ್ಕವೆಲ್ಲ ನಿಂತಿರುವುದು ಎಣಿಕೆ ಸತ್ಯವಾಗಿದೆ ಎಂಬ ಒಂದೇ ಊಹೆಯ ಮೇಲೆ. ಗಾಲ್ಫಿನಲ್ಲಿ ಬಹುತೇಕ ಅಂಪೈರ್ ಇರುವುದಿಲ್ಲ. ಪೊದೆಯ ಮರೆಯಲ್ಲಿ ನೀವೊಬ್ಬರೇ ಇರುತ್ತೀರಿ. ಸ್ನೇಹಿತರ ನಡುವೆ, "ಎರಡಡಿ ತಾನೆ, ಹೋಯಿತೆಂದು ಬರೆದುಕೊಳ್ಳಿ" ಎಂಬ ದಾಕ್ಷಿಣ್ಯ ಹೇರಳ. ಕುಳಿಗೆ ಕುಳಿ ಗೆಲ್ಲುವ ಪಂದ್ಯದಲ್ಲಿ ಎದುರಾಳಿ ಹಾಗೆ ಬಿಟ್ಟುಕೊಡುವುದಕ್ಕೆ ನಿಯಮವೇ ಇದೆ, ಆದರೆ ಹೊಡೆತಗಳನ್ನು ಎಣಿಸುವ ಪಂದ್ಯದಲ್ಲಿ ಸಲ್ಲದು. ಇನ್ನು ಪಣ ಗೆಲ್ಲುವ ಆಸೆಯಿಂದ ಬೇಕೆಂದೇ ಕೆಟ್ಟ ಸಂಖ್ಯೆಗಳನ್ನು ದಾಖಲಿಸಿ ರಿಯಾಯಿತಿಯನ್ನು ಉಬ್ಬಿಸಿಕೊಳ್ಳುವವರುಂಟು, ಹೆಮ್ಮೆಗಾಗಿ ಕುಗ್ಗಿಸಿಕೊಳ್ಳುವವರೂ ಉಂಟು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಹೀನಾಧಿಕಮಾನೋನ್ಮಾನವನ್ನು ಸೇರಿಸಿರುವುದನ್ನು ಸ್ವಾಧ್ಯಾಯ ಮಾಡುವವರು ಬಲ್ಲರು. ಕೊಡುವಾಗ ಕಡಮೆ, ಕೊಳ್ಳುವಾಗ ಹೆಚ್ಚು ಅಳೆಯುವ ಕಳ್ಳತೂಕ ಅದು. ಹ್ಯಾಂಡಿಕ್ಯಾಪನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಅದೇ ಜಾತಿಗೆ ಸೇರಿದ್ದೆಂದು ನನ್ನ ಅಭಿಪ್ರಾಯ. ಆಟವೆಂಬ ಮಾತ್ರಕ್ಕೆ ತಕ್ಕಡಿಗೆ ರಜೆಯಿಲ್ಲ.

ಕಳೆದ ವರ್ಷ ಸ್ನೇಹಿತರ ಬಳಗದ ಪಂದ್ಯವೊಂದರಲ್ಲಿ ಬೀಗರ ಕಾರ್ಡನ್ನು ಬರೆಯುವ ಸರದಿ ನನ್ನದಾಗಿತ್ತು. ಒಬ್ಬನ ಸಂಖ್ಯೆಯನ್ನು ಇನ್ನೊಬ್ಬ ಬರೆದು, ಇಬ್ಬರೂ ಸಹಿಮಾಡಿ ಒಪ್ಪಿಸುವುದು ಕ್ರಮ. ಸಹಿ ಬಿದ್ದ ಮೇಲೆ ಅದೇ ಸತ್ಯ. 1968ರ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೆಯ ಕುಳಿಯನ್ನು ಮೂರು ಹೊಡೆತಗಳಲ್ಲಿ ಮುಗಿಸಿದ್ದರು. ಬರೆಯುವ ಜೊತೆಯಾಟಗಾರ ನಾಲ್ಕೆಂದು ಬರೆದ, ಅವರು ನೋಡದೆ ಸಹಿಮಾಡಿದರು, ಆ ಒಂದರಿಂದ ಪ್ರಶಸ್ತಿಗೆ ಮತ್ತೆ ಸೆಣಸುವ ಅವಕಾಶವೇ ಹೋಯಿತು. ಆದ್ದರಿಂದ ಬರೆಯುವವನ ಹೊಣೆ ಆಡುವವನ ಹೊಣೆಗಿಂತ ಹಗುರವಲ್ಲ.

ಅಂದು 14ನೆಯ ಕುಳಿಯಲ್ಲಿ ಬೀಗರ ಚೆಂಡು ಮರಗಳೊಳಗೆ ಹೋಯಿತು. ಕುಳಿ ಮುಗಿಸಿ ಬಂದು "ಆರು" ಎಂದರು. ಅವರ ಚೀಲ ಹೊತ್ತಿದ್ದ ಕ್ಯಾಡಿ ನೆಲ ನೋಡುತ್ತ ನಿಂತ. ಆತನಿಗೆ ಐವತ್ತು ದಾಟಿದೆ, ಮೂವತ್ತು ವರ್ಷಗಳಿಂದ ಇದೇ ಕೆಲಸ. ಯಾರು ಎಲ್ಲಿ ಎಷ್ಟು ಹೊಡೆದರೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಆದರೆ ಹೇಳಿದರೆ ಆ ದಿನದ ಇನಾಮಿಗೆ ಕುತ್ತು. ಕೆಟ್ಟ ಹೊಡೆತಕ್ಕೆ ಕ್ಯಾಡಿಯನ್ನು ಗದರುವ ದೊಡ್ಡ ಮನುಷ್ಯರನ್ನು ಎಲ್ಲ ಮೈದಾನಗಳಲ್ಲೂ ಕಾಣಬಹುದು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪನವರು ಕ್ಯಾಡಿಯಾಗಿಯೇ ಆಟ ಕಲಿತವರೆಂಬುದನ್ನು ಅಂಥವರಿಗೆ ನೆನಪಿಸಬೇಕೆನಿಸುತ್ತದೆ.

"ಬೀಗರೇ, ಒಂದು ಸಲ ಮೊದಲಿನಿಂದ ಎಣಿಸೋಣವೇ?" ಎಂದೆ. ಮಂಡಿಯಲ್ಲಿ ತೂಕ ತಾಳೆಯಾಗದಿದ್ದಾಗ ನಾವು ಯಾರನ್ನೂ ದೂರುವುದಿಲ್ಲ, ಚೀಲಗಳನ್ನು ಮತ್ತೆ ಎಣಿಸುತ್ತೇವೆ. ಮೊದಲನೆಯದು ಮರಗಳೊಳಕ್ಕೆ. ಎರಡನೆಯದು ಪೊದೆಯ ಬುಡದಲ್ಲಿ, ಚೆಂಡು ಮೊಳದಷ್ಟೂ ಕದಲಲಿಲ್ಲ. ಮೂರನೆಯದರಲ್ಲಿ ಹೊರಗೆ. ನಾಲ್ಕು, ಗ್ರೀನಿನ ಹತ್ತಿರ. ಐದು, ಗ್ರೀನಿನ ಮೇಲೆ. ಅಲ್ಲಿ ಎರಡು. "ಏಳು" ಎಂದು ಅವರೇ ಹೇಳಿದರು, ನಾನು ಏಳೆಂದು ಬರೆದೆ. ಆ ಒಂದು ಹೊಡೆತದಿಂದ ದಿನದ ಬಟ್ಟಲು ಬೇರೊಬ್ಬರ ಪಾಲಾಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಬೀಗರು ಮಾತನಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದ ಮಗಳು ನಮ್ಮಿಬ್ಬರ ಮುಖವನ್ನು ನೋಡಿ, ಒಳಗೆ ಬಂದಾಗ "ಏನಾಯಿತು ಅಪ್ಪಾಜಿ?" ಎಂದು ಮೆಲ್ಲಗೆ ಕೇಳಿದಳು. ಕೊಟ್ಟ ಮನೆಯ ಯಜಮಾನರೊಂದಿಗೆ ಒಂದು ಹೊಡೆತಕ್ಕಾಗಿ ಹೀಗಾದದ್ದು ಸರಿಯೇ ಎಂಬ ಪ್ರಶ್ನೆ ಅವಳ ಕಣ್ಣಲ್ಲಿತ್ತು. "ಏನಿಲ್ಲಮ್ಮ, ಲೆಕ್ಕ" ಎಂದೆ. ಶಿರಾ ತಲುಪುವವರೆಗೂ ಅವಳ ಆ ಮುಖವೇ ಕಣ್ಣ ಮುಂದಿತ್ತು. ಆದರೂ ಏಳನ್ನು ಆರೆಂದು ಬರೆದು ಸಹಿಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

ಮೂರನೆಯ ದಿನ ಬೀಗರೇ ದೂರವಾಣಿ ಮಾಡಿದರು. "ಆ ಪೊದೆಯಲ್ಲಿ ಚೆಂಡು ಕದಲಲೇ ಇಲ್ಲವಲ್ಲ, ಅದನ್ನು ಹೊಡೆತವೆಂದೇ ನಾನು ಎಣಿಸಿರಲಿಲ್ಲ" ಎಂದರು.

"ನಮ್ಮಲ್ಲಿ ವಸೂಲಾಗದ ಸಾಲವನ್ನೂ ಬರೆದಿಡುತ್ತೇವೆ, ಬೀಗರೇ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕರು. ನನ್ನ ಪುಸ್ತಕದಲ್ಲಿ ಯಾವ ಯಾವ ಕಲಮುಗಳಿವೆಯೆಂದು ಕೇಳಿ ತಿಳಿದುಕೊಂಡರು.

ಕಳೆದ 12 ತಿಂಗಳ ನನ್ನ ಲೆಕ್ಕ ಹೀಗಿದೆ: ಉತ್ತಮ ಸಂಖ್ಯೆ 88, ಕನಿಷ್ಠದ್ದು 97. ಆರು ವರ್ಷಗಳಲ್ಲಿ ಉತ್ತಮ ದಿನ ಒಂದೇ ಒಂದು ಹೊಡೆತದಷ್ಟು ಉತ್ತಮವಾಗಿದೆ, ಕೆಟ್ಟ ದಿನ ಹತ್ತು ಹೊಡೆತದಷ್ಟು ಸುಧಾರಿಸಿದೆ. ಮೊದಲಿಗಿಂತ ಚೆನ್ನಾಗಿ ಹೊಡೆಯುತ್ತೀರೆಂದು ಯಾರೂ ಹೇಳಿಲ್ಲ, ಅದು ನಿಜವೂ ಅಲ್ಲ. ಬೀಗರ ಸಂಖ್ಯೆಗಳು ಕಾಗದದ ಮೇಲೆ ಕೆಲವು ತಿಂಗಳು ಏರಿದವು, ಈಗ ಇಳಿಯುತ್ತಿವೆ. ಪ್ರತಿ ಕುಳಿ ಮುಗಿದ ಮೇಲೆ ತಮ್ಮ ಸಂಖ್ಯೆಯನ್ನು ಹೇಳುವ ಮುನ್ನ ಅವರು ಆ ಕ್ಯಾಡಿಯನ್ನೇ ಕೇಳುತ್ತಾರೆ, ಆತ ಅಳುಕಿಲ್ಲದೆ ಹೇಳುತ್ತಾನೆ. ಹೋದ ತಿಂಗಳು ಒಮ್ಮೆ ಆತ ಹೇಳಿದ್ದು ಬೀಗರು ಎಣಿಸಿದ್ದಕ್ಕಿಂತ ಒಂದು ಕಡಮೆಯಾಗಿತ್ತು. ಹಿಂದಿನಿಂದ ಬರುತ್ತಿದ್ದ ತಂಡದವರು ತಾಳ್ಮೆಗೆಟ್ಟು ಕೂಗುವವರೆಗೂ ಇಬ್ಬರೂ ಮರದ ನೆರಳಿನಲ್ಲಿ ನಿಂತು ಮೊದಲಿನಿಂದ ಎಣಿಸುತ್ತಿದ್ದರು.